ಕ್ಯಾಮೆರಾಗೆ ಅಗ್ರಪೂಜೆ, ಸದ್ದಿಗೆ ಕೊನೆಯ ಪಂಕ್ತಿ

ಬೆಂಗಳೂರು ದಕ್ಷಿಣದ ಕಿರುಚಿತ್ರಗಳಿಗೆ ಪ್ರತಿಭೆಯ ಬರವಿಲ್ಲ. ಜೆ.ಪಿ. ನಗರದ ರಂಗಶಂಕರದಲ್ಲಿ 2004ರಿಂದ ನಾಟಕಗಳು ನಡೆಯುತ್ತಿವೆ, ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಲ್ಲಿ ಹುಟ್ಟಿ ಎರಡು ಮೂರು ತಲೆಮಾರಿಗೆ ಸಿನಿಮಾ ನೋಡುವುದನ್ನು ಕಲಿಸಿದೆ, ಬಿಟಿಎಂ ಲೇಔಟಿನ ಪಿಜಿ ರೂಮುಗಳಲ್ಲಿ ಕೂತು ಎಡಿಟಿಂಗ್ ಕಲಿತವರಿಗೆ ಲೆಕ್ಕವಿಲ್ಲ. ಆದರೂ ಕೈಕಾಸು ಹಾಕಿ ಮಾಡಿದ ಹದಿನೈದು ನಿಮಿಷದ ಚಿತ್ರವೊಂದನ್ನು ಕೊನೆತನಕ ನೋಡುವುದು ಯಾಕಿಷ್ಟು ಕಷ್ಟ? ಇರುವ ಚೂರುಪಾರು ದುಡ್ಡು ತಪ್ಪು ಸರದಿಯಲ್ಲಿ ಖರ್ಚಾಗುತ್ತಿದೆ ಎಂಬುದು ನನ್ನ ಅನಿಸಿಕೆ. ಮೊದಲು ಕ್ಯಾಮೆರಾ, ಅದಕ್ಕೆ ಮೂರು ಲೆನ್ಸು, ಒಂದು ಗಿಂಬಲ್, ಅರ್ಧ ದಿನಕ್ಕೆ ಡ್ರೋನು. ಆಮೇಲೆ ಯೂನಿಟ್ಟಿನ ಊಟ, ಗಾಡಿ. ಗೋಡೆಗೂ ಸದ್ದಿಗೂ ಉಳಿಯುವುದು ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತೊಂದೇ.

ಗೋಡೆಯನ್ನೇ ನೋಡಿ. ಸ್ನೇಹಿತರ ಬಾಡಿಗೆ ಮನೆ ಲೊಕೇಶನ್ ಆದಾಗ ಕಥೆಯಲ್ಲಿ ನಿವೃತ್ತ ಮೇಷ್ಟ್ರಿರಲಿ, ಹೊಸದಾಗಿ ಮದುವೆಯಾದವರಿರಲಿ, ಹಿಂದೆ ಕಾಣುವುದು ಮೊಳೆಯೊಂದೂ ಇಲ್ಲದ ಅದೇ ಬಿಳಿ ಗೋಡೆ. ಮೂವತ್ತು ವರ್ಷ ಇಲ್ಲೇ ಬಾಳಿದೆವು ಎಂದು ಪಾತ್ರ ಹೇಳುತ್ತದೆ. ಸುಳ್ಳು ಎಂದು ಗೋಡೆ ಹೇಳುತ್ತದೆ. ಸೆಟ್ ಹಾಕುವ ಸಾಹಸಿಗಳೂ ಇದ್ದಾರೆ. ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆಗಳನ್ನು ರೀಪರ್ ಚೌಕಟ್ಟಿಗೆ ಹೊಡೆದು, ಸಂದಿಗೆ ಪುಟ್ಟಿ ತುಂಬಿ, ಡಿಸ್ಟೆಂಪರ್ ಬಳಿದು, ತಾರಸಿಯ ಮೇಲೊಂದು ಅಡುಗೆಮನೆ ನಿಲ್ಲಿಸುತ್ತಾರೆ. ಬಣ್ಣ ಒಣಗಿದ್ದೇ ತಡ, ಶೂಟಿಂಗ್ ಶುರು. ನಿಜವಾದ ಕೆಲಸ ಇರುವುದು ಬಣ್ಣ ಒಣಗಿದ ಮೇಲೆ: ಸ್ವಿಚ್ ಬೋರ್ಡಿನ ಸುತ್ತ ಬೆರಳು ತಾಗಿದ ಕರೆ, ಒಲೆಯ ಹಿಂದೆ ಒಗ್ಗರಣೆ ಸಿಡಿದ ಜಿಡ್ಡು, ಕ್ಯಾಲೆಂಡರ್ ತೆಗೆದ ಜಾಗದಲ್ಲಿ ಉಳಿದ ತಿಳಿಬಣ್ಣದ ಚೌಕ. ಇದಕ್ಕೆ ಟೀ ಡಿಕಾಕ್ಷನ್, ಸ್ಪಂಜು, ಸ್ವಲ್ಪ ಮಸಿ ಸಾಕು. ಆದರೆ ಒಂದಿಡೀ ದಿನ ಬೇಕು, ಆ ದಿನವನ್ನು ಯಾರೂ ಶೆಡ್ಯೂಲಿನಲ್ಲಿ ಇಟ್ಟಿರುವುದಿಲ್ಲ.

ಇರುವ ಜಾಗವನ್ನೇ ಸೆಟ್ ಮಾಡಿಕೊಳ್ಳುವುದಕ್ಕೆ ಪಾಠ ನಮ್ಮಲ್ಲೇ ಇದೆ. 1980ರ ದಶಕದಲ್ಲಿ ಶಂಕರ್ ನಾಗ್ ಮತ್ತು ಕಲಾ ನಿರ್ದೇಶಕ ಜಾನ್ ದೇವರಾಜ್ ‘ಮಾಲ್ಗುಡಿ ಡೇಸ್’ಗಾಗಿ ಆಗುಂಬೆಯ ಬೀದಿಯನ್ನೇ ಮಾಲ್ಗುಡಿ ಮಾಡಿದರು; ಅಲ್ಲಿನ ದೊಡ್ಡಮನೆ ಕಥೆಯ ಮನೆಯಾಯಿತು. ಅದರ ಬಜೆಟ್ಟೇ ಬೇರೆ, ಒಪ್ಪೋಣ. ಆದರೆ ಜಯನಗರದಲ್ಲಿ ರೆಡ್ ಆಕ್ಸೈಡ್ ನೆಲದ ಹಳೆಯ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅಂಥದ್ದೊಂದು ಸಿಕ್ಕರೆ ನಮ್ಮವರು ಮಾಡುವುದೇನು? ದುಬಾರಿ ಲೆನ್ಸನ್ನು ಪೂರ್ತಿ ತೆರೆದು, ಹಿನ್ನೆಲೆ ಮಸುಕಾಗಿಸಿ, ನೆಲವನ್ನೂ ಕಿಟಕಿಯನ್ನೂ ಅಳಿಸಿಹಾಕುತ್ತಾರೆ. ಮನೆಗೆ ಬಾಡಿಗೆ ಕೊಟ್ಟು ಮನೆಯನ್ನೇ ತೋರಿಸದ ಈ ಜಾಣತನ ನನಗಂತೂ ಅರ್ಥವಾಗಿಲ್ಲ.

ಸದ್ದಿನ ಪಾಡು ಇನ್ನೂ ಕಷ್ಟ. ಸೌತ್ ಎಂಡ್ ಸರ್ಕಲ್ ಸುತ್ತಮುತ್ತ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ನಡೆಯುವಾಗಲೇ ಮಾತಿನ ರೆಕಾರ್ಡಿಂಗ್, ಮಾಡಲು ಹೊರಟರೆ ಕೆಲವೇ ನಿಮಿಷಕ್ಕೊಮ್ಮೆ ತಲೆಯ ಮೇಲೆ ಮೆಟ್ರೊ ಹಾಯುತ್ತದೆ. ಅದು ಹೋಯಿತೆನ್ನುವಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ, ತರಕಾರಿ ಗಾಡಿಯ ಮೈಕು ಟೊಮ್ಯಾಟೊ ರೇಟು ಸಾರುತ್ತದೆ. ಇವನ್ನೆಲ್ಲ ತಡೆಯಲಾಗದು, ಆದರೆ ಫ್ರಿಜ್ಜನ್ನು ಆರಿಸಬಹುದು. ಅನುಭವಿ ರೆಕಾರ್ಡಿಸ್ಟುಗಳು ಫ್ರಿಜ್ ಆರಿಸಿ ಗಾಡಿಯ ಕೀಯನ್ನು ಅದರೊಳಗೇ ಇಡುತ್ತಾರೆ. ಹೊರಡುವಾಗ ಕೀ ಹುಡುಕಿದರೆ ಫ್ರಿಜ್ ಹಾಕುವುದೂ ನೆನಪಾಗುತ್ತದೆ. ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿಕೊಳ್ಳುವುದೂ ಬಿಟ್ಟಿ ಕೆಲಸ. ಅದಿಲ್ಲದಿದ್ದರೆ ಎಡಿಟಿಂಗಿನಲ್ಲಿ ಮಾತು ಮಾತಿನ ನಡುವೆ ಹಳ್ಳ ಬೀಳುತ್ತದೆ, ಆ ಹಳ್ಳ ಮುಚ್ಚಲು ಪಿಯಾನೊ ಸುರಿಯುತ್ತಾರೆ. ನಮ್ಮ ಕಿರುಚಿತ್ರಗಳಲ್ಲಿ ಅಷ್ಟೊಂದು ಪಿಯಾನೊ ಯಾಕೆ ಕೇಳುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇದಕ್ಕೆ ಎದುರಾಗಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ವನ್ಸ್ ಟು ನೋ’ ಇಟ್ಟು ನೋಡಿ. ವೈದ್ಯಕೀಯ ಓದಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ ಇವರ ಹದಿನಾರು ನಿಮಿಷದ ಈ ಕನ್ನಡ ಚಿತ್ರ 2024ರ ಕಾನ್ ಉತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ತನ್ನ ಕೋಳಿ ಕೂಗದಿದ್ದರೆ ಬೆಳಗಾಗದು ಎಂದುಕೊಂಡ ಅಜ್ಜಿಯ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಇಲ್ಲಿ ಅಜ್ಜಿ ಊರಿನ ಕೋಳಿ ಕದಿಯುತ್ತಾಳೆ, ಊರಿಗೆ ನಿಜವಾಗಿಯೂ ಬೆಳಗಾಗುವುದಿಲ್ಲ. ನಾಲ್ಕೇ ದಿನದ ಚಿತ್ರೀಕರಣ, ಅದೂ ರಾತ್ರಿ. ಸೂರ್ಯನೇ ಇಲ್ಲದ ಕಥೆಗೆ ರಾತ್ರಿ ಶೂಟಿಂಗ್ ಕೊರತೆಯಾಗುವುದಿಲ್ಲ. ಬೆಳಕು ಬಿದ್ದಷ್ಟು ಜಾಗ ಸಿದ್ಧಪಡಿಸಿದರೆ ಊರು ಸಿದ್ಧವಾದ ಹಾಗೆ. ಅಜ್ಜಿ ಯಾಕೆ ಕದ್ದಳೆಂಬುದಕ್ಕೆ ಇನ್ನೊಂದಿಷ್ಟು ಪುಷ್ಟಿ ಬೇಕಿತ್ತು ಎಂದು ನನಗನಿಸಿತು. ಸಂಸ್ಥೆಯ ಸಲಕರಣೆ, ಮೇಷ್ಟ್ರುಗಳ ಬೆಂಬಲ ಬಿಟಿಎಂ ಹುಡುಗರಿಗಿಲ್ಲ ಎಂಬುದೂ ನಿಜ. ಆದರೆ ಏನಿಲ್ಲ ಎಂಬುದನ್ನು ಸ್ಕ್ರಿಪ್ಟಿನಲ್ಲೇ ಲೆಕ್ಕಕ್ಕೆ ಹಿಡಿಯುವ ಬುದ್ಧಿಗೆ ಸಲಕರಣೆ ಬೇಡ.

ಪೋಸ್ಟ್ ಪ್ರೊಡಕ್ಷನ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಎಡಿಟಿಂಗ್, ಗ್ರೇಡಿಂಗ್, ಸೌಂಡ್ ಮಿಕ್ಸಿಂಗ್ ಮೂರೂ ಆಗುತ್ತವೆ. ಮುಖಗಳನ್ನು ಕಿತ್ತಳೆ, ನೆರಳನ್ನು ನೀಲಿ ಮಾಡುವ ಚಟ ಬಿಟ್ಟರೆ ಅರ್ಧ ಗೆದ್ದ ಹಾಗೆ. ಕಷ್ಟಪಟ್ಟು ತೆಗೆದ ಶಾಟನ್ನು ಕತ್ತರಿಸಲು ನಿರ್ದೇಶಕರಿಗೆ ಮನಸ್ಸು ಬರುವುದಿಲ್ಲ. ಬೇರೊಬ್ಬರ ಕೈಯಲ್ಲಿ ಕತ್ತರಿ ಇದ್ದರೆ ಒಳ್ಳೆಯದು. ಡ್ರೋನ್ ಶಾಟುಗಳು ಮೊದಲು ಹೋಗಲಿ.

ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ 2010ರಲ್ಲಿ ಶುರುವಾದ ಮೇಲೆ ಈ ಚಿತ್ರಗಳಿಗೆ ಮೊಬೈಲಿನಾಚೆಯ ತೆರೆಯೂ ಸಿಗುವಂತಾಗಿದೆ. ಇಯರ್‌ಫೋನಿನಲ್ಲಿ ಸಹ್ಯವಾದ ಡಬ್ಬಿಂಗ್ ಸಭಾಂಗಣದ ಸ್ಪೀಕರಿನಲ್ಲಿ ಬಣ್ಣ ಬಿಡುತ್ತದೆ. ಪ್ರೇಕ್ಷಕರು ಮಸುಕಾದ ಶಾಟನ್ನು ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಮುಂದಿನ ಚಿತ್ರಕ್ಕೆ ಬಜೆಟ್ ಬರೆಯಲು ಕೂತವರು ಹಾಳೆಯ ಮೊದಲ ಸಾಲಿನಲ್ಲಿ ಸೌಂಡ್ ರೆಕಾರ್ಡಿಸ್ಟರ ಸಂಬಳ ಬರೆಯಲಿ, ಎರಡನೆಯದರಲ್ಲಿ ಗೋಡೆಗೊಂದು ದಿನ ಇಡಲಿ. ಕ್ಯಾಮೆರಾ ಯಾವುದೆಂದು ಆಮೇಲೆ ನೋಡಿದರಾಯಿತು.