ಸೆರೆಮನೆಯಲ್ಲಿ ಮನೋರೋಗ: ಎರಡು ಲೆಕ್ಕಗಳು

ಸೆರೆಮನೆಯಲ್ಲಿರುವವರ ಮಾನಸಿಕ ಆರೋಗ್ಯದ ಬಗ್ಗೆ ನಮ್ಮಲ್ಲಿ ಎರಡು ಲೆಕ್ಕಗಳಿವೆ. ಇವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರ ಕೊನೆಗೆ ದೇಶದ ಸೆರೆಮನೆಗಳಲ್ಲಿ 5,54,034 ಬಂದಿಗಳಿದ್ದರು. ಅವರಲ್ಲಿ ಮನೋರೋಗಿಗಳೆಂದು ದಾಖಲಾದವರು ಶೇ. 2ಕ್ಕಿಂತ ಕಡಿಮೆ. ಇನ್ನೊಂದು, ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ. ಇದರಲ್ಲಿ 5,024 ಬಂದಿಗಳ ಪೈಕಿ 4,002 ಮಂದಿಗೆ, ಅಂದರೆ ಶೇ. 79.6ರಷ್ಟು ಜನರಿಗೆ, ಮನೋರೋಗ ಇಲ್ಲವೇ ವ್ಯಸನಕಾರಿ ವಸ್ತುಗಳ ಬಳಕೆಯ ಸಮಸ್ಯೆ ಇತ್ತು.

‘ಬಂದಿಗಳಲ್ಲಿ ಶೇ. 80 ಮಂದಿ ಮನೋರೋಗಿಗಳು’ ಎಂದರೆ ಅದು ಅವಸರದ ಓದು. ವ್ಯಸನವನ್ನು ಹೊರಗಿಟ್ಟರೆ ಉಳಿಯುವವರು 1,389, ಶೇ. 27.6. ಅದೂ ಮಹಾನಗರವೊಂದರ ಒಂದೇ ಕಾರಾಗೃಹದ ಸಂಖ್ಯೆ; ಇಡೀ ದೇಶಕ್ಕೆ ಅನ್ವಯಿಸಲಾಗದು. ರೋಗ ಮೊದಲೇ ಇತ್ತೇ, ಒಳಗೆ ಬಂದ ಮೇಲೆ ಹುಟ್ಟಿತೇ ಎಂಬುದೂ ಒಮ್ಮೆಯ ಎಣಿಕೆಯಿಂದ ತಿಳಿಯದು. ಇಷ್ಟು ಕಳೆದರೂ ಎರಡು ಲೆಕ್ಕಗಳ ನಡುವಿನ ಅಂತರ ದೊಡ್ಡದೇ.

ಈ ಅಂತರಕ್ಕೆ ಮುಖ್ಯ ಕಾರಣ ಪತ್ತೆ ಹಚ್ಚುವ ಕ್ರಮ. ಸಾವಳಗಿಯ ಒಂದು ತರಗತಿಯಲ್ಲಿ ‘ಬೋರ್ಡು ಯಾರಿಗೆ ಕಾಣುವುದಿಲ್ಲ?’ ಎಂದು ಕೇಳಿ. ಒಂದೆರಡು ಕೈ ಮೇಲೇಳಬಹುದು. ಅಕ್ಷರಪಟ ಹಿಡಿದು ಒಬ್ಬೊಬ್ಬರನ್ನೇ ಪರೀಕ್ಷಿಸಿ, ಸಂಖ್ಯೆ ಹೆಚ್ಚುತ್ತದೆ. ಮಕ್ಕಳ ಕಣ್ಣು ಬದಲಾಗಿಲ್ಲ, ನೋಡಿದ ರೀತಿ ಬದಲಾಗಿದೆ. ಸೆರೆಮನೆಯಲ್ಲಿ ಕೂಗಾಡುವವನು ಬೇಗ ಗಮನಕ್ಕೆ ಬರುತ್ತಾನೆ. ಖಿನ್ನತೆಯಿಂದ ಮೂಲೆಯಲ್ಲಿ ಸುಮ್ಮನೆ ಕುಳಿತವನು ‘ಶಿಸ್ತಿನ ಬಂದಿ’ ಎನಿಸಿಕೊಳ್ಳುತ್ತಾನೆ.

ಕಾನೂನಿನಲ್ಲೂ ಒಂದು ತೊಡಕಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 103ನೆಯ ಪ್ರಕರಣದಂತೆ ಸೆರೆಮನೆಯ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಪುನರ್ವಿಮರ್ಶಾ ಮಂಡಳಿಗೆ ವರದಿ ಕಳಿಸಬೇಕು. ವರದಿ ಪ್ರಮಾಣೀಕರಿಸಬೇಕಾದದ್ದು ಏನನ್ನು? ಸೆರೆಮನೆಯಲ್ಲಿ ಮನೋರೋಗಿಗಳು ‘ಇಲ್ಲ’ ಎಂಬುದನ್ನು! ರೋಗಿಗಳನ್ನು ಸೆರೆಮನೆಯಲ್ಲಿ ಕೊಳೆಯಲು ಬಿಡಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಉತ್ತರವನ್ನು ಮೊದಲೇ ಬರೆದಿಟ್ಟ ಪ್ರಶ್ನೆಪತ್ರಿಕೆಯಿಂದ ನಿಜ ತಿಳಿಯುವುದು ಕಷ್ಟ.

ಇದು ಬರಿಯ ಅಂಕಿಗಳ ಜಗಳವಲ್ಲ. ದಾಖಲೆಯಲ್ಲಿಲ್ಲದವನಿಗೆ ಔಷಧ ಸಿಗದು. ನಮ್ಮ ಬಂದಿಗಳಲ್ಲಿ ಬಹುಪಾಲು ಇನ್ನೂ ವಿಚಾರಣೆ ಮುಗಿಯದವರು. ರೋಗದಿಂದ ತನ್ನ ಪರವಾಗಿ ಹೇಳಿಕೊಳ್ಳಲಾಗದವನ ವಿಚಾರಣೆಯನ್ನು ಮುಂದೂಡಲು ಕಾನೂನಿನಲ್ಲಿ ಅವಕಾಶವಿದೆ. ಆ ಅವಕಾಶವೂ ಅವನ ಕೈತಪ್ಪಬಹುದು.

ಆದ್ದರಿಂದ ದಾಖಲೆಯಲ್ಲಿ ರೋಗಿಗಳ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಅಂಕಣ ಬೇಕು: ಪರೀಕ್ಷಿಸಿದವರು ಎಷ್ಟು ಮಂದಿ, ಯಾವಾಗ, ಯಾವ ವಿಧಾನದಿಂದ? ಯಾರನ್ನೂ ಪರೀಕ್ಷಿಸದೆ ಬರೆದ ಸೊನ್ನೆಯೂ ಎಲ್ಲರನ್ನೂ ಪರೀಕ್ಷಿಸಿ ಬರೆದ ಸೊನ್ನೆಯೂ ಒಂದೇ ಅಲ್ಲ. ಮುಂದಿನ ಬಾರಿ ಪತ್ರಿಕೆಯಲ್ಲಿ ಇಂಥ ಶೇಕಡಾವಾರು ಕಂಡಾಗ, ಛೇದದಲ್ಲಿರುವುದು ಯಾವ ಸಂಖ್ಯೆ ಎಂದು ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ.