ಹಿರಿಯರ ಎಡೆ, ಹೊಲದ ಒಡ್ಡು

ಮಹಾನವಮಿ ಅಮಾವಾಸ್ಯೆಗೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಅನೇಕ ಮನೆಗಳಲ್ಲಿ ಹಿರಿಯರ ಹೆಸರಿನಲ್ಲಿ ಹೊಸ ಬಟ್ಟೆಯಿಟ್ಟು ಹೋಳಿಗೆಯ ಎಡೆ ಮಾಡುತ್ತಾರೆ. ಹಿಂಗಾರಿ ಬಿತ್ತನೆಯ ಗಡಿಬಿಡಿಯೂ ಅದೇ ಹೊತ್ತಿಗೆ. ಎಡೆ ಯಾವ ವರ್ಷವೂ ತಪ್ಪುವುದಿಲ್ಲ. ಅದೇ ಹಿರಿಯರು ಹಾಕಿದ ಒಡ್ಡು ಎಲ್ಲಿ ಒಡೆದಿದೆ ಎಂದು ನೋಡಿ ಬರುವುದು ಮಾತ್ರ ಎಷ್ಟೋ ಮನೆಗಳಲ್ಲಿ ತಪ್ಪಿದೆ. ಒಕ್ಕಲು ಮನೆತನ ಹಿರಿಯರಿಗೆ ಸಲ್ಲಿಸಬೇಕಾದ ಮೊದಲ ಗೌರವ ಒಡ್ಡಿನ ದುರಸ್ತಿ ಎಂಬುದು ನನ್ನ ವಾದ.

ಕಾರಣ ಈ ಮಣ್ಣಿನಲ್ಲೇ ಇದೆ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ, ಅದೂ ಕೆಲವೇ ದೊಡ್ಡ ಹೊಡೆತಗಳಲ್ಲಿ. ಎರೆ ಮಣ್ಣು ನೆನೆದು ಉಬ್ಬಿತೆಂದರೆ ನೀರನ್ನು ನಿಧಾನವಾಗಿ ಕುಡಿಯುತ್ತದೆ. ಉಳಿದದ್ದು ಮೇಲ್ಮಣ್ಣನ್ನೂ ಹೊತ್ತು ಹಳ್ಳ ಸೇರುತ್ತದೆ. ಇಳಿಜಾರಿಗೆ ಅಡ್ಡಲಾಗಿ ನಿಂತ ಒಡ್ಡು ಆ ನೀರನ್ನು ತಡೆದು ಇಂಗಿಸುತ್ತದೆ. ಒಡ್ಡಿನ ಮೈಗೆ ಹಬ್ಬಿದ ಕರಕಿ ಮಣ್ಣನ್ನು ಹಿಡಿಯುತ್ತದೆ, ಹೆಚ್ಚಾದ ನೀರು ಕಲ್ಲು ಜೋಡಿಸಿದ ಕೋಡಿಯಿಂದ ಹೊರಬೀಳುತ್ತದೆ. ಕೋಡಿಯ ಒಂದು ಕಲ್ಲು ಜಾರಿದರೂ, ಇಲಿಯ ಒಂದು ಬಿಲ ಬಿದ್ದರೂ ಮುಂದಿನ ಮಳೆಗೆ ಒಡ್ಡು ಕಿತ್ತುಹೋಗಬಹುದು. ಮಳೆ ನಿಂತ ಮೇಲೆ ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುವುದು ಹೀಗೆ ಇಂಗಿದ ಹಸಿಯ ಮೇಲೆ. ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದೂ ಅದೇ ಹಸಿ ಆರದಿರಲೆಂದು.

ಕಾಲ ಬದಲಾಗಿದೆ, ಕಾಲುವೆ ಬಂದಿದೆ, ಗೋವಿನಜೋಳಕ್ಕೂ ಬಿಟಿ ಹತ್ತಿಗೂ ರೊಕ್ಕ ಬರುತ್ತದೆ, ಹಳೆಯದಕ್ಕೆ ಜೋತುಬೀಳಬೇಕೇ ಎನ್ನುವವರಿದ್ದಾರೆ. ಬೆಳೆ ಬದಲಿಸಿದ್ದಕ್ಕೆ ನನ್ನ ತಕರಾರಿಲ್ಲ, ಹಿರಿಯರೂ ಬದಲಿಸಿದವರೇ. ಮೆಣಸಿನಕಾಯಿ, ಶೇಂಗಾ ಹೊರದೇಶದಿಂದ ಬಂದವು. ಹೆಸರಾದ ಮಾಲ್ದಂಡಿ ಜೋಳ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ಕೆಯಾದ ತಳಿ. ಮಲಪ್ರಭೆಯ ಕಾಲುವೆಯನ್ನೂ ಅವರು ಬೇಡವೆನ್ನಲಿಲ್ಲ. ಆ ಕಾಲುವೆಗಾಗಿ ಸರ್ಕಾರ ಹೇರಿದ ಅಭಿವೃದ್ಧಿ ಕರದ ಅನ್ಯಾಯಕ್ಕೆ ಮಾತ್ರ ಸಿಡಿದೆದ್ದು 1980ರ ಜುಲೈ 21ರಂದು ನರಗುಂದದಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿದರು. ಕಾಲುವೆ ನೀರು ಬಂದಲ್ಲೂ ಹೆಚ್ಚುವರಿ ನೀರಿಗೆ ದಾರಿ ಬಿಡದಿದ್ದರೆ ಹೊಲ ಸವುಳು-ಜವುಳಾಗುತ್ತದೆ. ಬೆಳೆ ಯಾವುದಾದರೂ ಇರಲಿ, ನೀರನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕ ತಪ್ಪುವಂತಿಲ್ಲ. ಅವರು ಬಿಟ್ಟುಹೋದ ಆಸ್ತಿಯೆಂದರೆ ಆ ಲೆಕ್ಕ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಹೊಲ ತುಂಡಾಗಿದೆ, ಮಕ್ಕಳು ಊರು ಬಿಟ್ಟಿದ್ದಾರೆ, ಒಡ್ಡಿಗೆ ಮಣ್ಣು ಹಾಕುವವರು ಯಾರು? ನಿಜ. ಅಣ್ಣ-ತಮ್ಮಂದಿರ ವಾಟ್ನಿಯಾದ ಮೇಲೆ ಮೇಲಿನ ಹೊಲದವನು ಕೋಡಿ ಕೆಡಿಸಿದರೆ ಕೆಳಗಿನವನ ಹೊಲ ಕೊಚ್ಚಿಹೋಗುತ್ತದೆ. ಆದರೆ ಈ ಮಾತು ದುರಸ್ತಿಯ ಹೊಣೆ ಹಂಚಲು ಕಾರಣವಾಗಬೇಕೇ ಹೊರತು ಅದನ್ನು ಕೈಬಿಡಲು ಅಲ್ಲ. ನಗರದಲ್ಲಿರುವ ಮಗ ಎಡೆಯ ದಿನ ಬರಲಾಗದಿದ್ದರೂ ಬೇಸಿಗೆಯ ಒಂದು ದಿನದ ಜೆಸಿಬಿ ಬಾಡಿಗೆಯ ಪಾಲು ಕಳಿಸಬಲ್ಲ. ವಾಟ್ನಿ ಪತ್ರ ಬರೆಸುವಾಗ ಎಕರೆ-ಗುಂಟೆಗಳ ಜೊತೆಗೆ ಯಾವ ಒಡ್ಡು, ಯಾವ ಕೋಡಿ ಯಾರ ಪಾಲಿನ ದುರಸ್ತಿಗೆ ಎಂಬುದನ್ನೂ ಬರೆಸಿ, ಎಲ್ಲರಿಂದ ಸಹಿ ಹಾಕಿಸಿಕೊಳ್ಳಿ.