ಓಪನ್‌ಡಬ್ಲ್ಯುಆರ್‌ಟಿ: ರೂಟರಿನ ಒಡೆತನದ ಪ್ರಶ್ನೆ

ಮನೆಯಲ್ಲಿಯೋ ಸಣ್ಣ ಕಚೇರಿಯಲ್ಲಿಯೋ ವೈಫೈ ಹಂಚುವ ರೂಟರು ಹೊರನೋಟಕ್ಕೆ ಪುಟ್ಟ ಪೆಟ್ಟಿಗೆಯಾಗಿದ್ದರೂ, ಪ್ರೊಸೆಸರು, ಮೆಮೊರಿ, ಕಾರ್ಯಾಚರಣ ವ್ಯವಸ್ಥೆ ಎಲ್ಲವನ್ನೂ ಒಳಗೊಂಡ ಪೂರ್ಣ ಪ್ರಮಾಣದ ಕಂಪ್ಯೂಟರೇ ಆಗಿದೆ. ಇಂಥ ಯಂತ್ರದೊಳಗೆ ತಯಾರಕರು ತುಂಬಿ ಕಳುಹಿಸುವ ತಂತ್ರಾಂಶವನ್ನು ಫರ್ಮ್‌ವೇರ್ ಎನ್ನುತ್ತಾರೆ. ತಯಾರಕರ ಗಮನ ಹೊಸ ಮಾದರಿಗಳತ್ತ ಹೊರಳಿದಾಗ ಹಳೆಯ ಮಾದರಿಗಳ ಫರ್ಮ್‌ವೇರಿಗೆ ಭದ್ರತಾ ತಿದ್ದುಪಡಿಗಳು ಬರುವುದು ನಿಲ್ಲುತ್ತದೆ; ಕೆಡದೆ ಓಡುತ್ತಿರುವ ಯಂತ್ರವೂ ಆಗ ಅಪಾಯಕಾರಿಯಾಗುತ್ತದೆ. ಆ ಫರ್ಮ್‌ವೇರನ್ನೇ ತೆಗೆದು ಅದರ ಸ್ಥಾನದಲ್ಲಿ ಕೂರಿಸಬಹುದಾದ, ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶವೇ ಓಪನ್‌ಡಬ್ಲ್ಯುಆರ್‌ಟಿ. ಕೊಂಡವನಿಗೆ ತನ್ನ ಯಂತ್ರದ ಮೇಲೆ ನಿಜವಾದ ಅಧಿಕಾರ ದೊರಕಿಸಿದ್ದು ಈ ಯೋಜನೆಯ ದೊಡ್ಡ ಸಾಧನೆ. ಆ ಅಧಿಕಾರವನ್ನು ಚಲಾಯಿಸಲು ಬೇಕಾದ ತಿಳಿವಳಿಕೆಯ ಹೊರೆಯನ್ನು ಸಾಕಷ್ಟು ಹಗುರಗೊಳಿಸದಿರುವುದು ಅದರ ದೊಡ್ಡ ಕೊರತೆ.

ಯೋಜನೆಯ ಹುಟ್ಟಿಗೆ ಪರವಾನಗಿಯ ಒಂದು ನಿಯಮ ಕಾರಣವಾಯಿತು. ಲಿಂಕ್‌ಸಿಸ್ ಕಂಪನಿ 2002ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರಿನ ಫರ್ಮ್‌ವೇರ್ ಲಿನಕ್ಸನ್ನು ಬಳಸಿತ್ತು. ಲಿನಕ್ಸ್‌ಗೆ ಅನ್ವಯಿಸುವ ಜಿಪಿಎಲ್ ಪರವಾನಗಿಯ ಪ್ರಕಾರ, ಅಂಥ ತಂತ್ರಾಂಶವನ್ನು ಇತರರಿಗೆ ಹಂಚುವವರು ಅದರ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮರುಗಳು ಓದಿ ತಿದ್ದಬಹುದಾದ ಮೂಲರೂಪವನ್ನು, ಪಡೆದವರಿಗೂ ಒದಗಿಸಬೇಕು. ಈ ಕರ್ತವ್ಯ ಪಾಲನೆಯಾಗಿಲ್ಲವೆಂಬುದನ್ನು 2003ರ ಜೂನಿನಲ್ಲಿ ಲಿನಕ್ಸ್ ಅಭಿವೃದ್ಧಿಕಾರರ ವಲಯದಲ್ಲಿ ಎತ್ತಿ ತೋರಿಸಲಾಯಿತು. ಅದೇ ವರ್ಷ ಲಿಂಕ್‌ಸಿಸನ್ನು ಕೊಂಡಿದ್ದ ಸಿಸ್ಕೊ ಸಂಸ್ಥೆಯ ಒಡೆತನದಲ್ಲಿ ಕೋಡ್ ಬಿಡುಗಡೆಯಾಯಿತು. ಅದನ್ನೇ ತಳಹದಿಯಾಗಿಟ್ಟುಕೊಂಡು 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಆರಂಭವಾಯಿತು. 2005ರಲ್ಲಿ ಬಂದ ಡಬ್ಲ್ಯುಆರ್‌ಟಿ54ಜಿಯ ಐದನೆಯ ಆವೃತ್ತಿಯಲ್ಲಿ ತಯಾರಕರು ಲಿನಕ್ಸನ್ನು ಕೈಬಿಟ್ಟು ಮೆಮೊರಿಯನ್ನೂ ಅರ್ಧಕ್ಕಿಳಿಸಿದರಾದರೂ, ಲಿನಕ್ಸನ್ನು ಉಳಿಸಿಕೊಂಡ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಮಾದರಿಯನ್ನು ಪ್ರತ್ಯೇಕವಾಗಿ ಮಾರಬೇಕಾಯಿತು. ಬದಲಿಸಬಹುದಾದ ರೂಟರಿಗೆ ಕೊಳ್ಳುವವರಿದ್ದಾರೆ ಎಂಬುದಕ್ಕೆ ಇದು ಮೊದಲ ಪುರಾವೆ.

ತಂತ್ರಾಂಶದ ರಚನೆಯನ್ನು ಪರಿಶೀಲಿಸಿದರೆ ಅದರ ಹಿಂದಿರುವ ವಿವೇಕ ಗೋಚರಿಸುತ್ತದೆ. ವ್ಯವಸ್ಥೆಯ ಮೂಲಭಾಗವನ್ನು ಸ್ಕ್ವಾಶ್‌ಎಫ್‌ಎಸ್ ಎಂಬ, ಬಿಗಿಯಾಗಿ ಕುಗ್ಗಿಸಿದ, ಓದಲು ಮಾತ್ರ ಸಾಧ್ಯವಿರುವ ಕಡತ ವ್ಯವಸ್ಥೆಯಲ್ಲಿಟ್ಟು, ಬಳಕೆದಾರರು ಮಾಡುವ ಬದಲಾವಣೆಗಳನ್ನೆಲ್ಲ ಅದರ ಮೇಲೆ ಹೊದಿಸಿದ ಇನ್ನೊಂದು ಪದರದಲ್ಲಿ ಬರೆಯಲಾಗುತ್ತದೆ. ತಪ್ಪು ಸೆಟ್ಟಿಂಗಿನಿಂದ ರೂಟರು ಕೈಗೆ ಸಿಗದಂತಾದರೆ ಫೇಲ್‌ಸೇಫ್ ಎಂಬ ರಕ್ಷಣಾ ಸ್ಥಿತಿಯಲ್ಲಿ ಯಂತ್ರವನ್ನು ಏಳಿಸಿ, ಮೇಲಿನ ಪದರವನ್ನು ಅಳಿಸಿ, ಮೊದಲಿನ ಸ್ಥಿತಿಗೆ ಮರಳಬಹುದು. ಕೆಲವೇ ಮೆಗಾಬೈಟುಗಳ ಜಾಗದಲ್ಲಿ ಪ್ರಯೋಗಕ್ಕೂ ಸುರಕ್ಷತೆಗೂ ಹೀಗೆ ಒಟ್ಟಿಗೆ ಎಡೆಮಾಡಿಕೊಟ್ಟಿರುವುದು ಅಪರೂಪದ ಎಂಜಿನಿಯರಿಂಗ್. ಯುಸಿಐ ಎಂದು ಕರೆಯಲಾಗುವ ಏಕರೂಪದ ಸಂರಚನಾ ಪದ್ಧತಿಯೂ ಇಷ್ಟೇ ಮೆಚ್ಚತಕ್ಕದ್ದು: ಜಾಲ, ನಿಸ್ತಂತು, ಫೈರ್‌ವಾಲ್ ಮೊದಲಾದ ಬೇರೆ ಬೇರೆ ಭಾಗಗಳ ಸೆಟ್ಟಿಂಗುಗಳೆಲ್ಲವೂ ಒಂದೇ ಕೋಶದಲ್ಲಿ, ಒಂದೇ ವ್ಯಾಕರಣದ ಸರಳ ಪಠ್ಯ ಕಡತಗಳಾಗಿರುವುದರಿಂದ, ಅವನ್ನು ಓದಬಹುದು, ನಕಲಿಸಿ ಇಡಬಹುದು, ಇನ್ನೊಬ್ಬರಿಗೆ ತೋರಿಸಿ ತಪ್ಪು ಹುಡುಕಿಸಬಹುದು.

ಈ ಮುಕ್ತತೆಯ ಅತಿ ಮುಖ್ಯ ಫಲವು ಸಂಶೋಧನೆಯ ಕ್ಷೇತ್ರದಲ್ಲಿ ಕಾಣಿಸಿಕೊಂಡಿತು. ಮನೆಯಲ್ಲಿ ಒಬ್ಬರು ದೊಡ್ಡ ಕಡತವೊಂದನ್ನು ಕಳುಹಿಸತೊಡಗಿದರೆ ಮತ್ತೊಬ್ಬರ ವಿಡಿಯೊ ಕರೆ ತಡವರಿಸುವುದಕ್ಕೆ ಅನೇಕ ಸಲ ಸಂಪರ್ಕದ ವೇಗ ಕಾರಣವಾಗಿರುವುದಿಲ್ಲ; ರೂಟರಿನಲ್ಲಿಯೋ ಮೋಡೆಮಿನಲ್ಲಿಯೋ ಪ್ಯಾಕೆಟುಗಳು, ಅಂದರೆ ದತ್ತಾಂಶದ ಸಣ್ಣ ತುಣುಕುಗಳು, ಅತಿ ಉದ್ದದ ಸರತಿಯಲ್ಲಿ ಕಾಯುತ್ತ ಬೀಳುವುದೇ ಕಾರಣವಾಗಿರುತ್ತದೆ. ಬಫರ್‌ಬ್ಲೋಟ್ ಎಂಬ ಈ ದೋಷಕ್ಕೆ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಕೋಡೆಲ್ ಎಂಬ ವಿಧಾನವನ್ನು ಮುಂದಿಟ್ಟರು. ಸರತಿಯ ಉದ್ದವನ್ನು ಎಣಿಸದೆ, ಪ್ರತಿ ಪ್ಯಾಕೆಟ್ ಕಾದ ಸಮಯವನ್ನು ಅಳೆದು, ಆ ಕಾಯುವಿಕೆ ಸತತವಾಗಿ ಮಿತಿ ಮೀರಿದಾಗ ಪ್ಯಾಕೆಟುಗಳನ್ನು ಕೈಬಿಟ್ಟು ಕಳುಹಿಸುವವರಿಗೆ ನಿಧಾನಿಸುವ ಸೂಚನೆ ಕೊಡುವುದು ಇದರ ತಿರುಳು. ಡೇವ್ ಟಾಟ್ ಅವರ ಮುಂದಾಳತ್ವದಲ್ಲಿ ಓಪನ್‌ಡಬ್ಲ್ಯುಆರ್‌ಟಿಯಿಂದಲೇ ಕವಲೊಡೆದ ಸೆರೋಡಬ್ಲ್ಯುಆರ್‌ಟಿ ಎಂಬ ಪ್ರಾಯೋಗಿಕ ಫರ್ಮ್‌ವೇರಿನಲ್ಲಿ ಇಂಥ ವಿಧಾನಗಳು ಸಾಮಾನ್ಯ ಮನೆಗಳ ರೂಟರುಗಳಲ್ಲಿ ಪರೀಕ್ಷೆಗೊಳಗಾಗಿ, ಬಳಿಕ ಮೂಲ ಯೋಜನೆಗೆ ಮರಳಿದವು. ಮುಚ್ಚಿದ ಫರ್ಮ್‌ವೇರಿನ ಲೋಕದಲ್ಲಿ ಹೊರಗಿನ ಸಂಶೋಧಕರಿಗೆ ಇಂಥ ಪ್ರಯೋಗಶಾಲೆ ಸಿಗುವಂತಿರಲಿಲ್ಲ. ಆದರೂ ಅಂತರ್ಜಾಲ ಪೂರೈಕೆದಾರರ ಕೊಂಡಿಯಲ್ಲಿ ಸರತಿಯನ್ನು ಹತೋಟಿಗೆ ತರಬೇಕೆಂದರೆ ಬಳಕೆದಾರರು ಎಸ್‌ಕ್ಯೂಎಂ ಎಂಬ ಪ್ಯಾಕೇಜನ್ನು ತಾವೇ ಸ್ಥಾಪಿಸಿ, ತಮ್ಮ ಸಂಪರ್ಕದ ವೇಗವನ್ನು ಅಳೆದು, ಆ ಅಂಕಿಯನ್ನು ತಾವೇ ತುಂಬಬೇಕು. ಯೋಜನೆಯ ಅತ್ಯುತ್ತಮ ಕೊಡುಗೆಯೇ ಹೀಗೆ ಬಲ್ಲವರ ಪಾಲಿಗಷ್ಟೇ ಉಳಿದಿದೆ.

ಇದೇ ತೊಡಕು ವೆಬ್ ಇಂಟರ್‌ಫೇಸಿನಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಬ್ರೌಸರಿನ ಮೂಲಕ ರೂಟರನ್ನು ನಿರ್ವಹಿಸುವ ಲೂಸಿ, ಜನರೇ ಕಟ್ಟಿ ನಡೆಸುವ ನಿಸ್ತಂತು ಜಾಲಗಳ ಜರ್ಮನಿಯ ಫ್ರೈಫಂಕ್ ಚಳವಳಿಯ ಅಗತ್ಯದಿಂದ 2008ರಲ್ಲಿ ಲುವಾ ಭಾಷೆಯಲ್ಲಿ ರೂಪುಗೊಂಡಿತು. ಪುಟಗಳನ್ನು ದುರ್ಬಲ ರೂಟರಿನಲ್ಲೇ ಸಿದ್ಧಪಡಿಸುವ ಕ್ರಮವನ್ನು 19.07 ಆವೃತ್ತಿಯಿಂದ ಬಹುಮಟ್ಟಿಗೆ ಬದಲಿಸಿ, ರೂಟರು ದತ್ತಾಂಶವನ್ನಷ್ಟೇ ಕೊಟ್ಟು ಪುಟದ ರಚನೆಯನ್ನು ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ನೋಡಿಕೊಳ್ಳುವಂತೆ ಮಾಡಿದ್ದು, ವೆಬ್ ಅಭಿವೃದ್ಧಿಯ ದೃಷ್ಟಿಯಿಂದ ಸರಿಯಾದ ನಿರ್ಧಾರ. ಆದರೆ ಲೂಸಿಯ ಪುಟಗಳು ಇಂದಿಗೂ ಯುಸಿಐ ಕಡತಗಳ ವಿಭಾಗಗಳನ್ನೇ ಅನುಸರಿಸುತ್ತವೆ, ಬಳಕೆದಾರರ ಉದ್ದೇಶಗಳನ್ನಲ್ಲ. ಅತಿಥಿಗಳಿಗಾಗಿ ಪ್ರತ್ಯೇಕ ವೈಫೈ ತೆರೆಯಬೇಕೆನ್ನುವವರು ಇಂಟರ್‌ಫೇಸ್, ನಿಸ್ತಂತು, ಫೈರ್‌ವಾಲ್ ವಲಯ, ವಿಳಾಸ ಹಂಚಿಕೆ ಎಂಬ ಹಲವು ಕಡೆ ಪರಸ್ಪರ ಹೊಂದುವ ಬದಲಾವಣೆಗಳನ್ನು ಮಾಡಬೇಕಾಗುತ್ತದೆ. ಅನೇಕ ವಾಣಿಜ್ಯ ರೂಟರುಗಳಲ್ಲಿ ಅದು ಒಂದು ಗುಂಡಿಯ ಕೆಲಸ. ಒಳರಚನೆಯನ್ನು ಇದ್ದಂತೆ ತೋರಿಸುವುದು ಪ್ರಾಮಾಣಿಕತೆಯೇ ಸರಿ, ಆದರೆ ಒಳರಚನೆಯನ್ನು ಅರಿಯದವರಿಗೂ ದಾರಿ ಕಾಣಿಸುವುದು ಇಂಟರ್‌ಫೇಸಿನ ಹೊಣೆ.

ಸಮುದಾಯದ ಆಡಳಿತ ಮತ್ತು ಭದ್ರತೆಯ ವಿಷಯದಲ್ಲಿ ಯೋಜನೆ ಎಡವಿಯೂ ಕಲಿತಿದೆ. ನಿರ್ಧಾರಗಳಲ್ಲಿ ಪಾರದರ್ಶಕತೆ ಸಾಲದು, ಬಿಡುಗಡೆಗಳು ತಡವಾಗುತ್ತಿವೆ ಎಂಬ ಅಸಮಾಧಾನದಿಂದ 2016ರ ಮೇ ತಿಂಗಳಲ್ಲಿ ಪ್ರಮುಖ ಅಭಿವೃದ್ಧಿಕಾರರ ಗುಂಪೊಂದು ಲೀಡ್ ಎಂಬ ಹೆಸರಿನಲ್ಲಿ ಹೊರಹೋಯಿತು. 2018ರ ಜನವರಿಯಲ್ಲಿ ಎರಡೂ ಪಂಗಡಗಳು ಮತ್ತೆ ಕೂಡಿದಾಗ ಹಳೆಯ ಹೆಸರು ಉಳಿಯಿತು, ಹೊಸ ಗುಂಪಿನ ಕಾರ್ಯವಿಧಾನ ಗೆದ್ದಿತು. 2024ರ ಡಿಸೆಂಬರಿನಲ್ಲಿ, ಬೇಡಿಕೆಗೆ ತಕ್ಕಂತೆ ಫರ್ಮ್‌ವೇರ್ ಕಟ್ಟಿಕೊಡುವ ಯೋಜನೆಯ ಸೇವೆಯು ಗುರುತು ಸಂಕೇತದ ಮೊದಲ 12 ಅಕ್ಷರಗಳನ್ನಷ್ಟೇ ಹೋಲಿಸುತ್ತಿದ್ದುದರಿಂದ, ದುರುದ್ದೇಶದ ಫರ್ಮ್‌ವೇರನ್ನು ಅಸಲಿಯ ಜಾಗದಲ್ಲಿ ತಲುಪಿಸಲು ಅವಕಾಶವಿದೆಯೆಂದು ಭದ್ರತಾ ಸಂಶೋಧಕರೊಬ್ಬರು ತೋರಿಸಿದರು. ಕೆಲವೇ ಗಂಟೆಗಳಲ್ಲಿ ದೋಷವನ್ನು ಸರಿಪಡಿಸಿ ಬಹಿರಂಗವಾಗಿ ತಿಳಿಸಿದ್ದು ಶ್ಲಾಘನೀಯ. ಆದರೂ ಮುಕ್ತ ಕೋಡ್ ತನ್ನಷ್ಟಕ್ಕೆ ತಾನೇ ಸುರಕ್ಷಿತವಾಗುವುದಿಲ್ಲ, ಅದನ್ನು ಓದುವ ಕಣ್ಣುಗಳೂ ಬೇಕು ಎಂಬುದು ಈ ಪ್ರಸಂಗದಿಂದ ಸಿದ್ಧವಾಗುತ್ತದೆ.

ಯೋಜನೆಯ ಕೈಮೀರಿದ ಮಿತಿ ಯಂತ್ರಾಂಶದಲ್ಲಿದೆ. ರೇಡಿಯೊ ಚಿಪ್ಪಿನೊಂದಿಗೆ ವ್ಯವಹರಿಸುವ ಡ್ರೈವರ್ ಮುಕ್ತವಾಗಿರದಿದ್ದರೆ ವೈಫೈ ಸರಿಯಾಗಿ ನಡೆಯದು. ಬ್ರಾಡ್‌ಕಾಮ್ ಚಿಪ್ಪುಗಳಿರುವ ಬಹಳಷ್ಟು ರೂಟರುಗಳನ್ನು ಈ ಕಾರಣಕ್ಕೇ ಆಯ್ದುಕೊಳ್ಳಲಾಗದು, ಮೀಡಿಯಾಟೆಕ್ ಚಿಪ್ಪುಗಳಿರುವವಕ್ಕೆ ಉತ್ತಮ ಬೆಂಬಲವಿದೆ. ಲಿನಕ್ಸ್ ಬೆಳೆದಂತೆ 4 ಮೆಗಾಬೈಟ್ ಫ್ಲಾಶ್ ಮತ್ತು 32 ಮೆಗಾಬೈಟ್ ರ‍್ಯಾಮ್ ಇರುವ ಯಂತ್ರಗಳನ್ನು ಯೋಜನೆಯೇ ಕೈಬಿಡಬೇಕಾಗಿ ಬಂದುದರಿಂದ, ಹಳೆಯ ಯಂತ್ರಗಳಿಗೆ ಆಯುಸ್ಸು ನೀಡುವ ಅದರ ಆಶ್ವಾಸನೆಗೂ ಒಂದು ಗಡಿಯಿದೆ. ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯ ಸಹಯೋಗದಲ್ಲಿ 2024ರಲ್ಲಿ ಹೊರಬಂದ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ರೂಟರು ಯಂತ್ರಾಂಶದ ಈ ಮಿತಿಗೆ ಕೊಟ್ಟ ನೇರ ಉತ್ತರ: ತಂತ್ರಾಂಶಕ್ಕೆ ತಕ್ಕ ಯಂತ್ರವನ್ನೇ ರೂಪಿಸುವುದು, ಫರ್ಮ್‌ವೇರನ್ನು ತಪ್ಪಾಗಿ ಬರೆದರೂ ಅದು ಕೆಡದಂತೆ ಚೇತರಿಕೆಗೆಂದು ಪ್ರತ್ಯೇಕ ಫ್ಲಾಶ್ ಇಡುವುದು.

ಒಟ್ಟಿನಲ್ಲಿ ನೋಡಿದರೆ, ಎರಡು ದಶಕಗಳ ಕಾಲ ಬಹುಮಟ್ಟಿಗೆ ಸ್ವಯಂಸೇವಕರ ಶ್ರಮದಿಂದ ಬೆಳೆದ ಈ ಯೋಜನೆ ಅತ್ಯುನ್ನತ ದರ್ಜೆಯ ಸಾರ್ವಜನಿಕ ಕೆಲಸವೆಂದು ಪರಿಗಣಿಸಲ್ಪಡಬೇಕು. ಆದರೆ ಅದರ ಪ್ರಯೋಜನ ಎಲ್ಲರಿಗೂ ತಲುಪುವ ಹೊಣೆಯನ್ನು ಅದರ ಅಭಿವೃದ್ಧಿಕಾರರ ಮೇಲಷ್ಟೇ ಹೇರುವುದು ನ್ಯಾಯವಲ್ಲ. ಶಾಲೆ, ಗ್ರಂಥಾಲಯ, ಪಂಚಾಯಿತಿಗಳಿಗೆ ರೂಟರುಗಳನ್ನು ಕೊಳ್ಳುವ ಸರ್ಕಾರಗಳು, ಕರ್ನಾಟಕ ಸರ್ಕಾರವೂ ಸೇರಿದಂತೆ, ಫರ್ಮ್‌ವೇರನ್ನು ಬದಲಿಸಲು ಅನುಮತಿ ಇದೆಯೇ, ಭದ್ರತಾ ತಿದ್ದುಪಡಿಗಳು ಎಷ್ಟು ವರ್ಷ ದೊರೆಯುತ್ತವೆ ಎಂಬೆರಡು ಪ್ರಶ್ನೆಗಳನ್ನು ಟೆಂಡರಿನಲ್ಲಿಯೇ ಕಡ್ಡಾಯಗೊಳಿಸಿದರೆ, 2003ರಲ್ಲಿ ಒಂದು ಪರವಾನಗಿ ಸಾಧಿಸಿದ್ದನ್ನು ಸಾರ್ವಜನಿಕ ಖರೀದಿಯ ನಿಯಮವೂ ಸಾಧಿಸಬಲ್ಲದು.